ಅಜ್ಜನ ಕಾಲದ ಷೆವರ್ಲೆ ಪಿಕಪ್‌ಗೆ ಹೊಸ ಪೇಂಟ್ ಹೊಡೆಸಬೇಕಾ?

ಪ್ರಶ್ನೆ: ನಮ್ಮ ತೋಟದ ಶೆಡ್ಡಿನಲ್ಲಿ ಅಜ್ಜ ತಂದಿದ್ದ 1951ರ ಷೆವರ್ಲೆ ಪಿಕಪ್ ಇದೆ. ಎಂಜಿನ್, ಪೇಂಟ್, ಸೀಟು ಎಲ್ಲಾ ಆಗಿನದೇ. ಪೇಂಟ್ ಮಾಸಿದೆ, ಅಲ್ಲಲ್ಲಿ ತುಕ್ಕು ಕಾಣ್ತಿದೆ. ಮೊದಲು ಚೆನ್ನಾಗಿ ಪೇಂಟ್ ಹೊಡೆಸಿ ಬೆಲೆ ಏರಿಸೋಣ, ಆಮೇಲೆ ಡೀಸೆಲ್ ಎಂಜಿನ್, ಪವರ್ ಸ್ಟೀರಿಂಗ್ ಹಾಕಿಸೋಣ ಅಂತ ತಮ್ಮ ಹಟ ಹಿಡಿದಿದ್ದಾನೆ. ಅಪ್ಪ ಮುಟ್ಟಬೇಡಿ ಅಂತಾರೆ. ಏನು ಮಾಡಲಿ?

ನಿಮ್ಮ ಅಪ್ಪ ಹೇಳಿದ್ದೇ ಸರಿ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಒಮ್ಮೆ ವಿಲ್ಲಿಸ್, ಒಮ್ಮೆ ಫಾರ್ಗೋ, ಒಮ್ಮೆ ಡಾಡ್ಜ್. ಗಾಡಿ ಬದಲಾಗುತ್ತದೆ, ಆ ತಮ್ಮ ಮಾತ್ರ ಬದಲಾಗುವುದಿಲ್ಲ. ಎಲ್ಲರ ಮನೆಯಲ್ಲೂ ಒಬ್ಬ ಇರುತ್ತಾನೆ, ಅವನ ಮೊದಲ ಮಾತು ಪೇಂಟ್. ಅದಕ್ಕೇ ಈ ಸಲ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಮುಂದೆ ಕೇಳಿದವರಿಗೆ ಇದನ್ನೇ ಕಳಿಸಿದರಾಯಿತು.

ಮೊದಲು ನಿಮ್ಮ ಹತ್ತಿರ ಇರುವುದು ಏನು ಅಂತ ತಿಳ್ಕೊಳ್ಳಿ. ಜನರಲ್ ಮೋಟರ್ಸ್ ಕಂಪನಿ 1928ರಲ್ಲಿ ಬೊಂಬಾಯಿಯ ಸೇವ್ರಿಯಲ್ಲಿ ಷೆವರ್ಲೆ ಕಾರು, ಲಾರಿ ಜೋಡಿಸೋಕೆ ಶುರು ಮಾಡಿತು. ಇಲ್ಲೇ ಬಿಡಿಭಾಗ ತಯಾರಿಸಿದರೆ ಮಾತ್ರ ಇರಿ ಅಂತ ಸರ್ಕಾರ ಹೇಳಿದ ಮೇಲೆ 1954ರಲ್ಲಿ ಬಾಗಿಲು ಹಾಕಿಕೊಂಡು ಹೋಯಿತು. ನಿಮ್ಮದು ಅದಕ್ಕೆ ಮೂರು ವರ್ಷ ಮೊದಲಿನ ಗಾಡಿ. ಅಮೆರಿಕದಲ್ಲಿ ಇದೇ ಗಾಡಿಯನ್ನು 3100 ಅಂತಾರೆ. 1947ರ ಬೇಸಿಗೆಯಲ್ಲಿ ಬಂದ ಹೊಸ ವಿನ್ಯಾಸ, 1955ರ ಆರಂಭದವರೆಗೂ ನಡೆಯಿತು. ಒಳಗಿರುವುದು 216 ಘನ ಇಂಚಿನ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್, 92 ಅಶ್ವಶಕ್ತಿ, 6 ವೋಲ್ಟ್ ಬ್ಯಾಟರಿ, ಕಾಲಲ್ಲಿ ಒತ್ತುವ ಸ್ಟಾರ್ಟರ್. ಅಮೆರಿಕದಲ್ಲಿ ಇವು ಬೇಕಾದಷ್ಟು ಉಳಿದಿವೆ. ಅಲ್ಲಿ ಒಂದನ್ನು ಕತ್ತರಿಸಿ ವಿ8 ಎಂಜಿನ್ ಇಟ್ಟರೆ ಯಾರೂ ಅಳುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಬಲಗಡೆ ಸ್ಟೀರಿಂಗ್ ಇರುವ, ಒಂದೇ ಮನೆಯಲ್ಲಿ ಉಳಿದ, ಏನೂ ಬದಲಾಗದ ಪಿಕಪ್ ಸಿಗುವುದು ತೀರಾ ಅಪರೂಪ. ಕಾಫಿ ಮೂಟೆ, ಗೊಬ್ಬರ, ಆಳುಗಳು, ಮದುವೆ ದಿಬ್ಬಣ ಎಲ್ಲವನ್ನೂ ಹೊತ್ತ ಈ ಗಾಡಿಗಳು ಕೊನೆಗೆ ಹೋಗಿದ್ದು ಗುಜರಿಗೆ.

ಈಗ ಪೇಂಟ್ ವಿಷಯ. "ಹೊಸ ಪೇಂಟ್ ಹೊಡೆಸಿದರೆ ಬೆಲೆ ಏರುತ್ತೆ."

ಈ ನಂಬಿಕೆ ಬಂದಿರೋದು ಸೆಕೆಂಡ್ ಹ್ಯಾಂಡ್ ಕಾರಿನ ವ್ಯಾಪಾರದಿಂದ. ಐದು ವರ್ಷ ಓಡಿದ ಕಾರನ್ನು ಮಾರುವ ಮೊದಲು ಗೀರು ಮುಚ್ಚಿ ಪಾಲಿಶ್ ಮಾಡಿಸಿದರೆ ನಾಲ್ಕು ಕಾಸು ಜಾಸ್ತಿ ಸಿಗುತ್ತದೆ, ನಿಜ. ಅಲ್ಲಿ ಕೊಳ್ಳುವವನಿಗೆ ಬೇಕಾಗಿರೋದು ಹೊಸದರ ಹಾಗೆ ಕಾಣುವ ಕಾರು. ಎಪ್ಪತ್ತು ದಾಟಿದ ಪಿಕಪ್ ಕೊಳ್ಳೋಕೆ ಬರುವವನು ಬೇರೆಯೇ ಜಾತಿಯ ಮನುಷ್ಯ. ಅವನ ಜೇಬಲ್ಲಿ ಒಂದು ಅಯಸ್ಕಾಂತ ಇರುತ್ತದೆ. ಬಂದವನೇ ಬಾಗಿಲ ಕೆಳಗಿನ ಅಂಚು, ಕ್ಯಾಬಿನ್ನಿನ ಹಿಂದಿನ ಮೂಲೆ, ಮಡ್‌ಗಾರ್ಡಿನ ಒಳಸುತ್ತು, ಹೀಗೆ ಒಂದೊಂದೇ ಕಡೆ ಇಟ್ಟು ನೋಡ್ತಾನೆ. ಅಂಟಿದರೆ ತಗಡು. ಜಾರಿದರೆ ಪುಟ್ಟಿ. ಮಿರಮಿರ ಮಿಂಚುವ ಗಾಡಿ ಕಂಡರೆ ಅವನಿಗೆ ಬರೋದು ಖುಷಿ ಅಲ್ಲ, ಅನುಮಾನ. ಕೆಳಗೆ ಏನು ಮುಚ್ಚಿದ್ದಾರೆ ಅಂತ. ನಿಮ್ಮ ಮಾಸಿದ ಪೇಂಟಿಗೆ ಆ ತೊಂದರೆಯೇ ಇಲ್ಲ. ತುಕ್ಕು ಎಲ್ಲಿದೆಯೋ ಅಲ್ಲಿ ಕಾಣುತ್ತದೆ, ಇಲ್ಲದ ಕಡೆ ಇಲ್ಲ ಅಂತಲೂ ಕಾಣುತ್ತದೆ. ಎಷ್ಟೇ ದುಡ್ಡು ಸುರಿದರೂ ಆ ಭರವಸೆಯನ್ನು ಪೇಂಟ್ ಅಂಗಡಿಯಲ್ಲಿ ಕೊಡೋಕಾಗಲ್ಲ.

ಇನ್ನು ಪೇಂಟ್ ಹೊಡೆಸೋದು ಅಂದರೆ ಪೇಂಟ್ ಹೊಡೆಸೋದು ಅಷ್ಟೇ ಅಂದುಕೊಂಡಿದ್ದೀರಾ? ಮೊದಲು ಗಾಜು ಬಿಚ್ಚಬೇಕು. ಹಳೇ ರಬ್ಬರ್ ಬಿಚ್ಚುವಾಗಲೇ ಹರಿಯುತ್ತದೆ. ಹಿಡಿಕೆ, ಅಕ್ಷರದ ಪಟ್ಟಿ, ಲೈಟಿನ ರಿಮ್ಮು, ಸ್ಕ್ರೂಗಳು ಎಲ್ಲಾ ಒಂದು ಆಯಿಲ್ ಡಬ್ಬಕ್ಕೆ ಬೀಳುತ್ತವೆ. ಆ ಡಬ್ಬ ಆಮೇಲೆ ಎಲ್ಲಿ ಹೋಗುತ್ತೋ ದೇವರಿಗೇ ಗೊತ್ತು. ಆಮೇಲೆ ಟಿಂಕರಿಂಗ್. ಗ್ರೈಂಡರ್ ಹಚ್ಚಿ ಉಜ್ಜಿದರೆ ಫ್ಯಾಕ್ಟರಿಯವರು ಹಾಕಿದ ಬೆಸುಗೆ ಗುರುತುಗಳೇ ಅಳಿಸಿಹೋಗುತ್ತವೆ. ತುಕ್ಕು ಕೀಳೋಕೆ ಗಾಳಿಯ ಒತ್ತಡದಲ್ಲಿ ಮರಳು ಹೊಡೆಸಿದರೆ ಬಾನೆಟ್, ಬಾಗಿಲಿನಂಥ ಅಗಲ ತಗಡು ಅಲೆಅಲೆಯಾಗಿ ಸೊಟ್ಟಗಾಗಬಹುದು. ಸೊಟ್ಟಗಾದದ್ದಕ್ಕೆ ಮತ್ತೆ ಪುಟ್ಟಿ. ಕೊನೆಗೆ ಬರೋದು ಈಗಿನ ಕಾಲದ ಗಾಜಿನಂಥ ಹೊಳಪು. ಅಷ್ಟು ಹೊಳಪು ಈ ಪಿಕಪ್‌ಗೆ ಶೋರೂಮಿನಲ್ಲಿ ನಿಂತಾಗಲೂ ಇರಲಿಲ್ಲ, ಯಾಕಂದರೆ ಇದು ಮೂಟೆ ಹೊರೋಕೆ ಮಾಡಿದ ಗಾಡಿ. ಅಲ್ಲಿಗೂ ಮುಗಿಯಲಿಲ್ಲ. ಹೊರಗೆ ಹೊಸದಾದ ಮೇಲೆ ಸೀಟು ಹಳೇದಾಗಿ ಕಾಣುತ್ತದೆ, ಅದನ್ನು ಹರಿದು ಹೊಸ ರೆಕ್ಸಿನ್ ಹಾಕ್ತೀರಿ. ಮೀಟರಿನ ಮುಖ ಮಂಕು ಕಾಣುತ್ತದೆ, ಅದನ್ನೂ ಬದಲಿಸ್ತೀರಿ. ಹಿಂದಿನ ಬಾಡಿಯ ಮರದ ಹಲಗೆ ಕಿತ್ತು ಕಬ್ಬಿಣದ ಶೀಟು ಬಡೀತೀರಿ. ಕೊನೆಗೆ ಅಜ್ಜನ ಗಾಡಿಯಲ್ಲಿ ಅಜ್ಜ ಮುಟ್ಟಿದ್ದು ಅಂತ ಉಳಿಯೋದು ಚಾಸಿ ನಂಬರು ಮಾತ್ರ.

"ಆದರೆ ಸರ್, ಪೇಂಟ್ ಇಲ್ಲದಿದ್ದರೆ ತುಕ್ಕು ತಿನ್ನಲ್ವಾ?" ಇದು ಎರಡನೇ ಸುತ್ತಿನ ಪ್ರಶ್ನೆ, ತಪ್ಪದೇ ಬರುತ್ತದೆ. ತಿನ್ನುತ್ತದೆ. ಆದರೆ ಈ ಗಾಡಿಗಳಲ್ಲಿ ತುಕ್ಕು ತಿನ್ನೋದು ಬಹುತೇಕ ಒಳಗಿಂದ. ಬಾಗಿಲೊಳಗೆ ನೀರು ನಿಂತು, ಕಾಲಡಿಯ ಮ್ಯಾಟಿನ ಕೆಳಗೆ ತೇವ ಉಳಿದು, ಕ್ಯಾಬಿನ್ ಮೂಲೆಯಲ್ಲಿ ಮಣ್ಣು ಕಟ್ಟಿಕೊಂಡು. ಹೊರಗಿನ ಪೇಂಟ್ ಅದನ್ನು ತಡೆಯಲ್ಲ, ಮುಚ್ಚುತ್ತದೆ ಅಷ್ಟೇ. ಬಾಗಿಲ ಕೆಳಗಿನ ನೀರು ಹೋಗುವ ತೂತುಗಳಿಗೆ ಒಂದು ತಂತಿ ಆಡಿಸಿ. ಮ್ಯಾಟ್ ಎತ್ತಿ ಒಣಗಿಸಿ. ಸಡಿಲ ತುಕ್ಕನ್ನು ಕೈಯಲ್ಲೇ ಉಜ್ಜಿ ತೆಗೆದು ತೆಳ್ಳಗೆ ಎಣ್ಣೆ ಅಥವಾ ಮೇಣ ಹಚ್ಚಿ. ಮಾಸಿದ ಪೇಂಟಿನ ಮೇಲೆ ಸಾದಾ ಮೇಣ ಸಾಕು, ರಬ್ಬಿಂಗ್ ಕಾಂಪೌಂಡ್ ಹಾಕಿ ಮೆಷಿನ್ನಿನಲ್ಲಿ ತಿಕ್ಕಬೇಡಿ. ಎಪ್ಪತ್ತು ವರ್ಷದಲ್ಲಿ ತೆಳ್ಳಗಾದ ಪೇಂಟ್ ಅದು, ಒಂದೇ ಸಲಕ್ಕೆ ತಗಡು ಕಾಣುತ್ತದೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಟಾರ್ಪಾಲ್ ಬಿಗಿಯಾಗಿ ಹೊದಿಸೋದನ್ನೂ ನಿಲ್ಲಿಸಿ. ಒಳಗೆ ಬೆವರುತ್ತದೆ, ನಾಲ್ಕು ತಿಂಗಳ ಮಲೆನಾಡು ಮಳೆಗೆ ಅದಕ್ಕಿಂತ ಒಳ್ಳೆಯ ತುಕ್ಕಿನ ಕಾರ್ಖಾನೆ ಬೇರೆ ಇಲ್ಲ. ಹತ್ತಿ ಬಟ್ಟೆ ಹೊದಿಸಿ, ಗಾಳಿ ಆಡಲಿ.

ನಂಬಿಕೆ ಬರದಿದ್ದರೆ ಒಂದು ಕೆಲಸ ಮಾಡಿ. ಡ್ಯಾಶ್‌ಬೋರ್ಡಿನ ಡಬ್ಬಿ ಬಿಚ್ಚಿ, ಅದರ ಹಿಂದೆ ಟಾರ್ಚ್ ಬಿಡಿ. ಬಿಸಿಲೇ ಕಾಣದ ಜಾಗ, ಫ್ಯಾಕ್ಟರಿಯ ಬಣ್ಣ ಬಹುಶಃ ಹಾಗೇ ಇರುತ್ತದೆ. ಆಮೇಲೆ ಎಂಜಿನ್ ಬ್ಲಾಕಿನ ಬಲಪಕ್ಕ ಒರೆಸಿ ನೋಡಿ. ಎರಕ ಹೊಯ್ದ ದಿನ ಅಲ್ಲೇ ಉಬ್ಬಿಕೊಂಡಿರುತ್ತದೆ: ಒಂದು ಇಂಗ್ಲಿಷ್ ಅಕ್ಷರ, ದಿನ, ವರ್ಷದ ಕೊನೆಯ ಅಂಕಿ. 'ಸಿ 15 1' ಅಂತಿದ್ದರೆ 1951ರ ಮಾರ್ಚ್ 15. ಎ ಅಂದರೆ ಜನವರಿ, ಅಲ್ಲಿಂದ ಎಣಿಸಿಕೊಳ್ಳಿ. ಆ ದಿನ, ಗಾಡಿಯ ವರ್ಷ, ಡಬ್ಬಿಯ ಹಿಂದಿನ ಬಣ್ಣ, ಹೊರಗಿನ ಬಣ್ಣ ಎಲ್ಲಾ ಒಂದಕ್ಕೊಂದು ಹೊಂದಿದರೆ ನಿಮ್ಮ ಗಾಡಿ ಅಪ್ಪಟ. ನಿಮ್ಮ ತಮ್ಮನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ನೋಡಿ. ಎಷ್ಟೋ ತಮ್ಮಂದಿರು ಆ ಟಾರ್ಚ್ ಬೆಳಕಲ್ಲೇ ಮನಸ್ಸು ಬದಲಿಸಿದ್ದಾರೆ ಅಂತ ಹೆಮ್ಮೆಯಿಂದಲೇ ಹೇಳ್ತೀನಿ.

ಇದು ನನ್ನೊಬ್ಬನ ಹುಚ್ಚಲ್ಲ. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದಿನಲ್ಲೂ ಹಳೇ ಕಟ್ಟಡಗಳಿಗೆ ಕೊಡುವ ಗೌರವವನ್ನೇ ಹಳೇ ಗಾಡಿಗೂ ಕೊಟ್ಟಿದ್ದಾರೆ. ಇರುವುದನ್ನು ಉಳಿಸೋದು ಮೊದಲು, ಹೊಸದಾಗಿ ಮಾಡೋದು ಆಮೇಲೆ. ಅಮೆರಿಕದ ದೊಡ್ಡ ಪ್ರದರ್ಶನಗಳಲ್ಲಿ, ಪೆಬಲ್ ಬೀಚ್‌ನಲ್ಲೂ, ಪೇಂಟ್ ಬದಲಿಸದೆ ಉಳಿದ ಗಾಡಿಗಳಿಗೇ ಬೇರೆ ವಿಭಾಗ ಇದೆ.

ಯಾವಾಗ ಪೇಂಟ್ ಹೊಡೆಸಬಹುದು? ಯಾರೋ ಈಗಾಗಲೇ ಬ್ರಷ್ಷಿನಲ್ಲಿ ಗೇಟಿನ ಪೇಂಟ್ ಬಳಿದಿದ್ದರೆ, ತಗಡು ತೂತಾಗಿ ಅರ್ಧ ಗಾಡಿ ಹೊಸದಾಗಿ ಕಟ್ಟಬೇಕಾಗಿದ್ದರೆ. ಅಂಥ ಗಾಡಿಗೆ ಧಾರಾಳವಾಗಿ ಹೊಡೆಸಿ. ನಿಮ್ಮದು ಆ ಪೈಕಿ ಅಲ್ಲ.

ಡೀಸೆಲ್ ಎಂಜಿನ್ ವಿಷಯ ಬೇಗ ಮುಗಿಸ್ತೀನಿ. ಈ ಗಾಡಿಯ ಡ್ರೈವ್ ಶಾಫ್ಟ್ ಒಂದು ಕೊಳವೆಯೊಳಗೆ ಮುಚ್ಚಿಕೊಂಡಿದೆ. ಆ ಕೊಳವೆ ಮುಂದೆ ಗೇರ್‌ಬಾಕ್ಸಿಗೂ ಹಿಂದೆ ಆಕ್ಸಲ್‌ಗೂ ಸೇರಿಕೊಂಡಿದೆ. ಹಾಗಾಗಿ ಎಂಜಿನ್ ಬದಲಿಸಿದರೆ ಗೇರ್‌ಬಾಕ್ಸ್, ಅದಾದರೆ ಹಿಂದಿನ ಆಕ್ಸಲ್, ಅದಾದರೆ ಚಾಸಿಗೆ ಗ್ಯಾಸ್ ಕಟ್ಟರ್. ಕಾನೂನೂ ನಿಮ್ಮ ಪರ ಇಲ್ಲ. ಒಪ್ಪಿಗೆಯಿಲ್ಲದೆ ಹೀಗೆ ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. 2021ರ ಜುಲೈಯಲ್ಲಿ ಬಂದ ವಿಂಟೇಜ್ ನಿಯಮ ಇನ್ನೂ ಸ್ಪಷ್ಟ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ನವೀಕರಣಕ್ಕೆ 5,000. ಮೊದಲೇ ನೋಂದಣಿ ಇದ್ದರೆ ಹಳೇ ನಂಬರ್ ಉಳಿಸಿಕೊಳ್ಳಬಹುದು. ಎಂವೈ ಅಂತ ಶುರುವಾಗುವ ಮೈಸೂರು ರಾಜ್ಯದ ನಂಬರ್ ಇದ್ದರೆ ಬಿಡಲೇಬೇಡಿ. ಹೀಗೆ ನೋಂದಣಿಯಾದ ಮೇಲೆ ದಿನಾ ಪೇಟೆಗೆ ಓಡಿಸೋ ಹಾಗಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸೋದು ಇಂಥದ್ದಕ್ಕೆ ಮಾತ್ರ. ಇನ್ನೊಂದು ಮಾತು: ಈ ನಿಯಮ ಸ್ವಂತ ಬಳಕೆಯ ಗಾಡಿಗೆ. ಪಿಕಪ್ ಆದ್ದರಿಂದ ಆರ್‌ಸಿಯಲ್ಲಿ ಗೂಡ್ಸ್ ಅಂತ ಬರೆದಿದೆಯಾ ಅಂತ ಮೊದಲು ನೋಡಿಕೊಂಡೇ ಆರ್‌ಟಿಒ ಮೆಟ್ಟಿಲು ಹತ್ತಿ.

ಪವರ್ ಸ್ಟೀರಿಂಗ್ ಬೇಡ. ಮುಂದಿನ ಚಕ್ರ ಹೊರಳುವ ಕೀಲಾದ ಕಿಂಗ್‌ಪಿನ್ನಿನಲ್ಲಿ ಗಟ್ಟಿಯಾದ ಹಳೇ ಗ್ರೀಸ್ ತೆಗೆದು ಹೊಸದು ತುಂಬಿ, ಟೈರಿಗೆ ಸರಿಯಾಗಿ ಗಾಳಿ ಹಾಕಿ. ಭಾರ ಬಹಳಷ್ಟು ಇಳಿಯುತ್ತದೆ. ಸೆಲ್ಫ್ ನಿಧಾನಕ್ಕೆ ತಿರುಗಿದರೆ 6 ವೋಲ್ಟನ್ನು ಬೈಯಬೇಡಿ. ಯಾರೋ 12 ವೋಲ್ಟ್ ಕಾರಿನ ಸಣ್ಣ ಕೇಬಲ್ ಹಾಕಿರ್ತಾರೆ. ಹೆಬ್ಬೆರಳು ದಪ್ಪದ ಕೇಬಲ್ ಹಾಕಿಸಿ, ಅರ್ಥ್ ಜಾಗ ಉಜ್ಜಿ ಸ್ವಚ್ಛ ಮಾಡಿ. ಸೀಟ್ ಬೆಲ್ಟ್, ಇಂಡಿಕೇಟರ್ ಬೇಕೆನಿಸಿದರೆ ಹಾಕಿಸಿ, ನನ್ನ ತಕರಾರಿಲ್ಲ. ಬ್ರೇಕಿನ ಸಿಲಿಂಡರ್, ಹೋಸ್, ಟೈರ್ ಅಂತೂ ಹೊಸದೇ ಆಗಬೇಕು, ಪ್ರಾಣದ ವಿಷಯ ಅದು. ಕತ್ತರಿಸದೆ, ತೂತು ಕೊರೆಯದೆ, ನಾಳೆ ಬಿಚ್ಚಿದರೆ ಮೊದಲಿನ ಹಾಗೇ ಆಗುವ ಯಾವ ಕೆಲಸವೂ ಸರಿ. ತೆಗೆದ ಹಳೇ ಭಾಗವನ್ನು ಮಾತ್ರ ಎಸೆಯಬೇಡಿ. ಅಮೆರಿಕದಿಂದ ತರಿಸಬಹುದು ಅಂತೀರಿ, ಆದರೆ ಅಲ್ಲಿ ಹೊಸದಾಗಿ ಮಾಡೋದೆಲ್ಲಾ ಎಡಗಡೆ ಸ್ಟೀರಿಂಗ್‌ನ ಗಾಡಿಗೆ. ನಿಮ್ಮ ಸ್ಟೀರಿಂಗ್ ಬಾಕ್ಸ್, ಪೆಡಲ್ಲಿನ ಜೋಡಣೆ ಹೋದರೆ ಹೋಯಿತು.

ಯಾರೂ ಕೇಳಲಿಲ್ಲ, ಆದರೂ ಪೆಟ್ರೋಲ್ ಬಗ್ಗೆ ಹೇಳದೆ ಇರೋಕಾಗಲ್ಲ. ಈ ಎಂಜಿನ್ ಚೆನ್ನಾಗಿ ಓಡಲಿ ಅನ್ನೋ ಆಸೆಯಲ್ಲಿ ಯಾರೋ ದುಬಾರಿ ಪವರ್ ಪೆಟ್ರೋಲ್ ಹಾಕಿಸಿ ಅಂತಾರೆ. ಸುಮ್ನೆ ದುಡ್ಡು ದಂಡ. ಇದರ ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್-ಗಾಳಿ ಮಿಶ್ರಣವನ್ನು ಒತ್ತುವ ಪ್ರಮಾಣ, ಬರೀ 6.6, ಆ ಕಾಲದ ಕೀಳು ಪೆಟ್ರೋಲಿಗೇ ಮಾಡಿದ್ದು, ಬಂಕಿನ ಸಾದಾ ಪೆಟ್ರೋಲಿನ ಆಕ್ಟೇನ್ ಧಾರಾಳ ಆಯಿತು. ತೊಂದರೆ ಬೇರೆ ಕಡೆ ಇದೆ. ಈಗ ಸಿಗೋದು 20 ಶೇಕಡ ಎಥನಾಲ್ ಸೇರಿದ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ನೀರು ಬೇರೆಯಾಗಿ ತಳಕ್ಕೆ ಇಳಿಯುತ್ತದೆ, ತಳದಲ್ಲಿ ತುಕ್ಕು. ಹಳೇ ರಬ್ಬರ್ ಹೋಸು, ಪೆಟ್ರೋಲ್ ಪಂಪಿನ ಪರದೆ ಮೆತ್ತಗಾಗಿ ಉಬ್ಬುತ್ತವೆ. ನಿಮ್ಮ ಗಾಡಿಯಲ್ಲಿ ಟ್ಯಾಂಕ್ ಇರೋದು ಎಲ್ಲಿ? ಕ್ಯಾಬಿನ್ನಿನ ಒಳಗೆ, ಸೀಟಿನ ಬೆನ್ನ ಹಿಂದೆ. ಸೋರಿದರೆ ನಿಮ್ಮ ಬೆನ್ನಿಗೇ. ಅದಕ್ಕೇ ಮೊದಲ ಖರ್ಚು ಎಥನಾಲ್ ತಡೆಯುವ ಹೋಸು ಮತ್ತು ಪಂಪಿನ ಪರದೆಗೆ.

ಆಮೇಲೂ ಕೀ ತಿರುಗಿಸೋ ಆತುರ ಬೇಡ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರಿಗೂ ಸ್ವಲ್ಪ ಎಣ್ಣೆ ಬಿಟ್ಟು, ಒಂದು ದಿನ ಬಿಟ್ಟು ಕೈಯಲ್ಲೇ ತಿರುಗಿಸಿ. ಎಂಜಿನ್ನಿನ ತಳದ ಆಯಿಲ್ ಪ್ಯಾನ್ ಬಿಚ್ಚಲೇಬೇಕು. ಈ ಎಂಜಿನ್ನಿನಲ್ಲಿ ಕನೆಕ್ಟಿಂಗ್ ರಾಡಿನ ಬೇರಿಂಗ್ ವೈಟ್ ಮೆಟಲ್ ಅನ್ನುವ ಮೆತ್ತನೆಯ ಮಿಶ್ರಲೋಹದಿಂದ ಎರಕ ಹೊಯ್ದದ್ದು, ಅದಕ್ಕೆ ಆಯಿಲ್ ಹೋಗೋದು ರಾಡಿನ ತುದಿಯ ಸಣ್ಣ ಚಮಚ ಕೆಳಗಿನ ತೊಟ್ಟಿಯಿಂದ ಆಯಿಲ್ ಎರಚಿಕೊಂಡು. ಆ ತೊಟ್ಟಿಯಲ್ಲಿ ಕೆಸರು ಕಟ್ಟಿದ್ದರೆ ಸ್ಟಾರ್ಟ್ ಆದ ಖುಷಿ ಜಾಸ್ತಿ ಹೊತ್ತು ಇರಲ್ಲ. ವೈಟ್ ಮೆಟಲ್ ಹೊಯ್ಯೋಕೆ ಬರುವ ಹಳೇ ಮೇಸ್ತ್ರಿ ನಿಮ್ಮ ಕಡೆ ಯಾರಾದರೂ ಇದ್ದರೆ, ಪೇಂಟಿಗೆ ಇಟ್ಟಿದ್ದ ದುಡ್ಡನ್ನು ಅವರಿಗೆ ಕೊಡಿ.