ಎಲ್‌ಕೆಜಿ ಮಗುವಿಗೆ 112 ಹೇಳಿಕೊಡಬಹುದಾ?

ಪ್ರಶ್ನೆ: ಮಗಳು ಎಲ್‌ಕೆಜಿ. ಶಾಲೆಯಲ್ಲಿ ಪೊಲೀಸ್, ಫೈರ್ ಎಂಜಿನ್, ಆಂಬುಲೆನ್ಸ್ ಪಾಠ ನಡೀತಿದೆ. ಮನೆಯಲ್ಲಿ ನಾವು 112 ಹೇಳಿಕೊಡಬಹುದಾ, ಇಷ್ಟು ಬೇಗ ಬೇಡವಾ?

ಹೇಳಿಕೊಡಿ. ಪ್ರತಿ ವರ್ಷ ಈ ಪಾಠ ಬಂದಾಗ ಇದೇ ಪ್ರಶ್ನೆ ಬರುತ್ತದೆ, ನಾನೂ ಅದೇ ಉತ್ತರ ಹೇಳುತ್ತೇನೆ. ಪೊಲೀಸರಿಗೆ 100, ಬೆಂಕಿಗೆ 101, ಆಂಬುಲೆನ್ಸ್‌ಗೆ 108 ಅನ್ನೋದು ನಿಮಗೆ ಗೊತ್ತಿದ್ದರೆ ಸಾಕು. ಮಗುವಿಗೆ 112 ಒಂದೇ ಇರಲಿ, ಅದರಿಂದಲೇ ಎಲ್ಲ ಸಹಾಯವೂ ಸಿಗುತ್ತದೆ.

ಆದರೆ ನಂಬರ್ ಕಲಿಸುವ ಮೊದಲು ಒಂದು ಮಾತು ಬಿಡಬೇಕು. "ಊಟ ಮಾಡ್ಲಿಲ್ಲ ಅಂದ್ರೆ ಪೊಲೀಸ್ ಮಾಮನಿಗೆ ಹಿಡಿದುಕೊಡ್ತೀನಿ." ಈ ಮಾತು ಆಡದ ಮನೆ ಅಪರೂಪ. ಬಿಡಿ ಅಂದರೆ ತಕ್ಷಣ ಬರುವ ಉತ್ತರವೂ ಗೊತ್ತು: ಸ್ವಲ್ಪ ಭಯ ಇರ್ಬೇಕು ಮೇಡಂ, ಇಲ್ಲಾಂದ್ರೆ ಮಾತೇ ಕೇಳಲ್ಲ.

ಇದು ತಪ್ಪು. ನಾಲ್ಕು ವರ್ಷದ ಮಗುವಿಗೆ ಅಮ್ಮ ಹೇಳಿದ್ದೆಲ್ಲ ನಿಜ. ನಿಮಗೆ ಅದು ತಮಾಷೆ, ಮಗುವಿಗೆ ಖಾಕಿ ಹಾಕಿದವರು ಮಕ್ಕಳನ್ನು ಎತ್ತಿಕೊಂಡು ಹೋಗುವವರು. ಈಗ ದಸರಾ ನೂಕುನುಗ್ಗಲಲ್ಲೋ ಊರ ಜಾತ್ರೆಯಲ್ಲೋ ನಿಮ್ಮ ಕೈ ತಪ್ಪಿತು ಅಂದುಕೊಳ್ಳಿ. ಹತ್ತು ಹೆಜ್ಜೆ ದೂರದಲ್ಲೇ ಪೊಲೀಸರು ನಿಂತಿರುತ್ತಾರೆ, ಮೈಕ್‌ನಲ್ಲಿ ಹೆಸರು ಕೂಗಿಸಿ ನಿಮ್ಮನ್ನು ಕರೆಸಬಲ್ಲವರು ಅವರೇ, ಆದರೆ ಮಗು ಅವರನ್ನು ಕಂಡ ಕೂಡಲೇ ಬೇರೆ ಕಡೆ ಓಡುತ್ತದೆ ಅಥವಾ ಅಂಗಡಿಯ ಹಿಂದೆ ಬಚ್ಚಿಟ್ಟುಕೊಳ್ಳುತ್ತದೆ.

ನಮ್ಮನ್ನೂ ಹಾಗೇ ಬೆಳೆಸಿದ್ರು, ಏನಾಯ್ತು ಅಂತ ಕೇಳುತ್ತಾರೆ. ಆಗಿದೆಯಲ್ಲ! ಫೋನ್ ಕಳೆದುಹೋಗಿದೆ ಅಂತ ಒಂದು ದೂರು ಕೊಡೋದಕ್ಕೂ ನಲವತ್ತು ದಾಟಿದವರು ಪರಿಚಯದವರೊಬ್ಬರನ್ನು ಜೊತೆಗೆ ಕರೆದುಕೊಂಡು ಠಾಣೆಗೆ ಹೋಗುತ್ತಾರೆ. ಆ ಹಿಂಜರಿಕೆ ಶುರುವಾಗಿದ್ದು ಊಟದ ತಟ್ಟೆಯ ಮುಂದೆ. ಮಕ್ಕಳ ಈ ಭಯ ಕಳೆಯೋದಕ್ಕೆ ಅಂತಲೇ ಕರ್ನಾಟಕದ ಪೊಲೀಸರು 'ತೆರೆದ ಮನೆ' ಅನ್ನೋ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳನ್ನು ಠಾಣೆಯೊಳಗೆ ಕರೆದು ಮಾತಾಡಿಸುತ್ತಾರೆ. ಅವರು ಹೀಗೆ ಕರೆಯುವಾಗ ನಾವು ಮನೆಯಲ್ಲಿ ಹೆದರಿಸುತ್ತಾ ಕೂತರೆ ಹೇಗೆ?

ಇನ್ನು ಆ ಬೆದರಿಕೆಯಿಂದ ಕೆಲಸವಾದರೂ ಆಗುತ್ತದಾ? ಇವತ್ತು ನಾಲ್ಕು ತುತ್ತು ಒಳಗೆ ಹೋಗುತ್ತದೆ, ನಾಳೆ ಮತ್ತೆ ಅದೇ ರಂಪ. ಜಾಸ್ತಿ ದಿನ ಉಳಿಯೋದು ಅಮ್ಮನೇ ನನ್ನನ್ನು ಯಾರಿಗೋ ಕೊಟ್ಟುಬಿಡಬಹುದು ಅನ್ನೋ ದಿಗಿಲು ಮಾತ್ರ.

ಅಗ್ನಿಶಾಮಕದವರ ವಿಷಯದಲ್ಲಿ ಯಾರೂ ಹೆದರಿಸಿರುವುದಿಲ್ಲ, ಆದರೂ ಮಕ್ಕಳು ಹೆದರುತ್ತಾರೆ. ಪುಸ್ತಕದಲ್ಲಿ ನಗುವ ಮುಖ, ಕೆಂಪು ಗಾಡಿ. ಹೊಗೆ ತುಂಬಿದ ಮನೆಗೆ ಬರುವವರು ಬೆನ್ನಿಗೆ ಸಿಲಿಂಡರ್ ಕಟ್ಟಿ, ಇಡೀ ಮುಖ ಮುಚ್ಚುವ ಮಾಸ್ಕ್ ಹಾಕಿರುತ್ತಾರೆ, ಉಸಿರು ಬುಸುಗುಟ್ಟುತ್ತದೆ. ಅದನ್ನು ನೋಡಿ ಮಕ್ಕಳು ಮಂಚದ ಕೆಳಗೋ ಬೀರು ಹಿಂದೆಯೋ ಸೇರಿಕೊಳ್ಳುತ್ತಾರೆ, ಕರೆದರೂ ಓಗೊಡುವುದಿಲ್ಲ. ಹಾಗಾಗಿ ಮಾಸ್ಕ್ ಹಾಕಿದ ಫೋಟೋ ತೋರಿಸಿ, ಒಳಗಿರೋದು ಮನುಷ್ಯರೇ, ಇವರು ಬಂದರೆ ಅಡಗಬಾರದು, ಕೂಗಬೇಕು ಅಂತ ಹೇಳಿ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನ ಹಡಗು ಸ್ಫೋಟದಲ್ಲಿ ಸತ್ತ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ಪ್ರತಿ ವರ್ಷ ಆ ದಿನದಿಂದ ಒಂದು ವಾರ ಅಗ್ನಿ ಸುರಕ್ಷತೆ ಬಗ್ಗೆ ಅರಿವು ಮೂಡಿಸುವ ಕೆಲಸ ನಡೆಯುತ್ತದೆ. ಆಗ ಹತ್ತಿರದ ಅಗ್ನಿಶಾಮಕ ಠಾಣೆಯಲ್ಲಿ ಕೇಳಿಕೊಂಡು ಮಗುವನ್ನು ಕರೆದುಕೊಂಡು ಹೋಗಿ. ಶಾಲೆಯವರೇ ಮಾಡಲಿ ಅಂತ ಕಾಯಬೇಡಿ.

ಸುಮ್‌ಸುಮ್ನೆ ಫೋನ್ ಮಾಡಿಬಿಟ್ಟರೆ ಅನ್ನೋರಿಗೆ: ಯಾವಾಗ ಮಾಡಬೇಕು ಅಂತ ಹೇಳಿಕೊಟ್ಟ ಮಗು ಹಾಗೆಲ್ಲ ಮಾಡೋದು ಕಮ್ಮಿ. ಅಜ್ಜಿ ಬಿದ್ದು ಏಳ್ತಾ ಇಲ್ಲ, ಮನೆಯಲ್ಲಿ ಬೆಂಕಿ, ದೊಡ್ಡವರು ಯಾರೂ ಹತ್ತಿರ ಇಲ್ಲ, ಆಗ. ಫೋನ್ ಲಾಕ್ ಆಗಿದ್ದರೂ 112ಕ್ಕೆ ಕರೆ ಹೋಗುತ್ತದೆ, ಲಾಕ್ ಪರದೆಯ ಮೇಲೆ ಎಮರ್ಜೆನ್ಸಿ ಅಂತ ಇರೋದನ್ನು ತೋರಿಸಿ. ಅಪ್ಪನ ಹೆಸರು ಕೇಳಿದರೆ 'ಅಪ್ಪ' ಅನ್ನೋ ಮಕ್ಕಳೇ ಜಾಸ್ತಿ. ನಿಮ್ಮ ಪೂರ್ತಿ ಹೆಸರು, ಊರು ಅಥವಾ ಬಡಾವಣೆಯ ಹೆಸರು, ಮನೆ ಹತ್ತಿರದ ಒಂದು ಗುರುತು ಬಾಯಿಪಾಠ ಆಗಲಿ.

ಯಾರೂ ಕೇಳದ ಇನ್ನೊಂದು ವಿಷಯ. ಈ ಪಾಠದ ಚಾರ್ಟ್‌ಗಳಲ್ಲಿ ಪೊಲೀಸ್, ಡಾಕ್ಟರ್, ಪೋಸ್ಟ್‌ಮ್ಯಾನ್ ಕೂಡ ಇರುತ್ತಾರೆ, ಲೈನ್‌ಮ್ಯಾನ್ ಇರೋದು ಕಮ್ಮಿ. ಯಾಕೆ? ಮಲೆನಾಡಲ್ಲಿ ಜುಲೈ ಮಳೆಗೆ ಮರ ಉರುಳಿ ತಂತಿ ಹರಿದಾಗ ಅದೇ ಮಳೆಯಲ್ಲಿ ಕಂಬ ಹತ್ತುವವರು ಅವರು. ಅದು ಜೀವದ ಹಂಗು ತೊರೆದು ಮಾಡುವ ಕೆಲಸ. ನನ್ನ ತರಗತಿಯ ಚಾರ್ಟ್‌ನಲ್ಲಿ ಅವರ ಚಿತ್ರ ಕೈಯಲ್ಲೇ ಬರೆದು ಅಂಟಿಸಿದ್ದೇನೆ, ಮಕ್ಕಳು ಈಗ ರಸ್ತೆಯಲ್ಲಿ ಅವರನ್ನು ಗುರುತು ಹಿಡಿದು ಕೈ ಬೀಸುತ್ತಾರೆ. ನೀವೂ ತೋರಿಸಿ. ತಂತಿ ಬಿದ್ದಿದ್ದರೆ ಹತ್ತಿರ ಹೋಗಬಾರದು, ದೊಡ್ಡವರನ್ನು ಕೂಗಬೇಕು ಅನ್ನೋದನ್ನೂ ಅದೇ ದಿನ ಹೇಳಿಕೊಡಿ. ದೊಡ್ಡವರು ಫೋನ್ ಮಾಡಬೇಕಾದ ನಂಬರ್ 1912.