ಹೊಸ ಎಂಜಿನ್ನೂ ಹೊಸ ಗ್ರೈಂಡರೂ

ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನದ ಮುಂದೆ ತಮ್ಮನ ಹೊಸ ಕಾರು ನಾಲ್ಕು ನಿಂಬೆಹಣ್ಣು ಚಪ್ಪಟೆ ಮಾಡಿ ಎರಡಡಿ ಮುಂದೆ ಬಂತು. ದೊಡ್ಡಪ್ಪ ಅಲ್ಲೇ ಅಪ್ಪಣೆ ಕೊಟ್ಟರು: "ಸಾವಿರ ಕಿಲೋಮೀಟರ್ ಆಗೋವರೆಗೂ ನಲವತ್ತು ದಾಟಿಸಬೇಡ ಕಣೋ. ಎಂಜಿನ್ ಇನ್ನೂ ಎಳೇದು." ಶೋರೂಮಿನ ಹುಡುಗ ಇದಕ್ಕೆ ಉಲ್ಟಾ ಹೇಳಿದ್ದ: "ಈಗಿನ ಗಾಡಿಗೆ ಅದೆಲ್ಲ ಬೇಡ ಸರ್." ತಮ್ಮ ನನ್ನ ಮುಖ ನೋಡಿದ.

ಮನೆಗೆ ಹೊಸ ಗ್ರೈಂಡರ್ ಬಂದ ದಿನ ಯಾರೂ ಅದರಲ್ಲಿ ದೋಸೆಗೆ ರುಬ್ಬುವುದಿಲ್ಲ, ಅಲ್ವಾ? ಒಂದಿಷ್ಟು ಅಕ್ಕಿ ಹಾಕಿ ರುಬ್ಬಿ ಚೆಲ್ಲುತ್ತಾರೆ. ಎರಡು ಮೂರು ಸಲ. ಕಲ್ಲಿನ ಪುಡಿ ಹೋಗಬೇಕು, ಗುಂಡು ಮತ್ತು ತಳ ಒಂದಕ್ಕೊಂದು ಹೊಂದಿಕೊಳ್ಳಬೇಕು. ಹೊಸ ಎಂಜಿನ್ನಿನ ಕಥೆಯೂ ಹೆಚ್ಚುಕಡಿಮೆ ಇದೇ.

ಎಂಜಿನ್ನಿನಲ್ಲಿ ಪೆಟ್ರೋಲ್ ಉರಿಯುವ ಕೊಳವೆ, ಅಂದರೆ ಸಿಲಿಂಡರಿನ ಒಳಗೋಡೆ ಕನ್ನಡಿಯಷ್ಟು ನುಣುಪಾಗಿರುತ್ತದೆ ಎಂದು ನಾನೂ ಬಹಳ ದಿನ ನಂಬಿದ್ದೆ. ಆದರೆ ಫ್ಯಾಕ್ಟರಿಯಲ್ಲಿ ಬೇಕಂತಲೇ ಅದಕ್ಕೆ ಗೀರು ಹಾಕುತ್ತಾರೆ. ಸಾಣೆಕಲ್ಲುಗಳು ತಿರುಗುತ್ತಲೇ ಮೇಲೆ ಕೆಳಗೆ ಆಡುತ್ತವೆ, ಗೋಡೆಯ ಮೇಲೆ ಅಡ್ಡಡ್ಡ ಹೆಣೆದ ಗೀರುಗಳು ಮೂಡುತ್ತವೆ. ಇದಕ್ಕೆ ಹೋನಿಂಗ್ ಎನ್ನುತ್ತಾರೆ. ಗೀರಿನ ಆಳ ಕೆಲವೇ ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಇರುತ್ತದೆ ಎಂದರೆ ಲೆಕ್ಕ ಹಾಕಿ. ಗೀರಿನ ತಗ್ಗಿನಲ್ಲಿ ಆಯಿಲ್ ನಿಲ್ಲುತ್ತದೆ. ಸಿಲಿಂಡರಿನೊಳಗೆ ಮೇಲೆ ಕೆಳಗೆ ಆಡುವ ಪಿಸ್ಟನ್ನಿಗೆ ಬಳೆಯ ಹಾಗೆ ತೊಡಿಸಿದ ರಿಂಗಿಗೆ ಗೀರಿನ ಏಣುಗಳು ಉಜ್ಜಿ ಸವೆದು, ರಿಂಗೂ ಗೋಡೆಯೂ ಜೋಡಿಯಾಗುತ್ತವೆ.

ಪಿಸ್ಟನ್ನಿಗೆ ಸಾಮಾನ್ಯವಾಗಿ 3 ರಿಂಗು. ಮೇಲಿನ ಎರಡು ಉರಿಯುವ ಗ್ಯಾಸನ್ನು ತಡೆಯುತ್ತವೆ, ಕೆಳಗಿನದು ಗೋಡೆಯ ಆಯಿಲ್ ಬಳಿದು ಇಳಿಸುತ್ತದೆ. ಮೇಲಿನ ರಿಂಗಿಗೆ ಸ್ವಂತ ಬಲ ಕಡಿಮೆ. ಪೆಟ್ರೋಲ್ ಉರಿದಾಗ ಹುಟ್ಟುವ ಒತ್ತಡ ರಿಂಗಿನ ಹಿಂದೆ ನುಗ್ಗಿ ಅದನ್ನು ಗೋಡೆಗೆ ಅದುಮುತ್ತದೆ. ಆಕ್ಸಿಲರೇಟರ್ ತುಳಿದಷ್ಟೂ ರಿಂಗು ಬಿಗಿ. ದೊಡ್ಡಪ್ಪನ ಮಾತು ಎಡವುವುದು ಇಲ್ಲೇ. ಸಾವಿರ ಕಿಲೋಮೀಟರೂ ಮೆತ್ತಗೆ ಓಡಿಸಿದರೆ ರಿಂಗು ಸುಮ್ನೆ ಸವರಿಕೊಂಡು ಹೋಗುತ್ತದೆ, ಕಚ್ಚುವುದಿಲ್ಲ. ಗೀರುಗಳೊಳಗೆ ಆಯಿಲ್ ಸುಟ್ಟು ಮೆರುಗೆಣ್ಣೆಯ ಹಾಗೆ ಗಟ್ಟಿಯಾಗುತ್ತದೆ. ಆಮೇಲೆ ಗಾಡಿ ಆಯಿಲ್ ಕುಡಿಯಲು ಶುರು ಮಾಡುತ್ತದೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ.

ಹಾಗಂತ ಮೊದಲ ದಿನವೇ ಪೂರ್ತಿ ತುಳಿದರೆ? ಏಣುಗಳು ತಿಕ್ಕಾಡಿ ಕಾಯುತ್ತವೆ. ಆಯಿಲ್ ಪದರ ಹರಿದಲ್ಲಿ ಲೋಹಕ್ಕೆ ಲೋಹ ಅಂಟಿ ಕಿತ್ತು ಬರುತ್ತದೆ. ಈಗಿನ ಎಂಜಿನ್ನುಗಳಲ್ಲಿ ಚೂಪು ಏಣುಗಳನ್ನು ಫ್ಯಾಕ್ಟರಿಯಲ್ಲೇ ಸವರಿ ಕಳಿಸುತ್ತಾರೆ, ಹಾಗಾಗಿ ಶೋರೂಮಿನ ಹುಡುಗ ಪೂರ್ತಿ ಸುಳ್ಳು ಹೇಳಿರಲಿಲ್ಲ. ಆದರೂ ಕಾರಿನ ಜೊತೆ ಕೊಡುವ ಪುಸ್ತಕ ತೆಗೆದು ನೋಡಿ. ಮೊದಲ ಸಾವಿರ ಕಿಲೋಮೀಟರ್ ಜೋರಾಗಿ ಎಳೆಯಬೇಡಿ, ಬಹಳ ಹೊತ್ತು ಒಂದೇ ವೇಗದಲ್ಲಿ ಹೋಗಬೇಡಿ ಎಂಬ ಅರ್ಥದ ಮಾತು ಎಷ್ಟೋ ಕಂಪನಿಗಳ ಪುಸ್ತಕದಲ್ಲಿದೆ. ಯಾರೂ ಓದುವುದಿಲ್ಲ, ಅಷ್ಟೇ.

ನಿಜವಾದ ಕಷ್ಟ ಬೆಂಗಳೂರಿನದು. ಗಂಟೆಗೆ 20 ಕಿ.ಮೀ. ಸರಾಸರಿ ಸಿಕ್ಕರೂ ಸಾವಿರ ಕಿಲೋಮೀಟರಿಗೆ 50 ಗಂಟೆ ಬೇಕು. ಸಿಲ್ಕ್ ಬೋರ್ಡಿನಲ್ಲಿ ನಿಂತ ಕಾರಿನ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗಿದರೂ ಗಂಟೆಗೆ 48,000 ಸುತ್ತು. ಕಿಲೋಮೀಟರ್ ಒಂದೂ ಏರಿರುವುದಿಲ್ಲ, ರಿಂಗಿನ ಹಿಂದೆ ಹೆಚ್ಚು ಒತ್ತಡವೂ ಇರುವುದಿಲ್ಲ. ಎಕ್ಸ್‌ಪ್ರೆಸ್‌ವೇಯಲ್ಲಿ ಮೈಸೂರಿಗೆ ಹೋಗೋಣ ಎಂದರೆ ಅಲ್ಲಿ ಒಂದೇ ವೇಗ. ಅದೂ ಬೇಡ. ಇನ್ನು ಮೈಲೇಜ್ ಆಸೆಗೆ 30ರ ವೇಗದಲ್ಲಿ ಐದನೇ ಗೇರ್ ಹಾಕಿ ಎಂಜಿನ್ ನರಳಿಸುವವರಿದ್ದಾರೆ. ಅವರಿಗೆ ಹೊಸ ಕಾರು ಕೊಡಲೇಬಾರದು.

ನಾನು ಹೇಳಿದ್ದು ಮಾಗಡಿ ರಸ್ತೆ. ಭಾನುವಾರ ಬೆಳಗ್ಗೆ ಬೇಗ ಹೊರಡೋದು. ಎಂಜಿನ್ ಬಿಸಿಯಾಗುವ ತನಕ ಮೆಲ್ಲಗೆ. ತಾವರೆಕೆರೆ ದಾಟಿದ ಮೇಲೆ ಏರು ಬಂದಾಗ ಸರಿಯಾದ ಗೇರಿನಲ್ಲಿ ಮುಕ್ಕಾಲರಷ್ಟು ತುಳಿಯೋದು, ಇಳಿಜಾರಿನಲ್ಲಿ ಗೇರ್ ಹಾಗೇ ಇಟ್ಟು ಕಾಲು ತೆಗೆಯೋದು. ತುಳಿದಾಗ ರಿಂಗು ಅದುಮುತ್ತದೆ. ಬಿಟ್ಟಾಗ ಸಿಲಿಂಡರಿನ ಎಳೆತಕ್ಕೆ ಆಯಿಲ್ ಮೇಲೆ ಬಂದು ರಿಂಗನ್ನು ತಣಿಸುತ್ತದೆ. ಹೊಸ ಬ್ರೇಕೂ ಟೈರೂ ಪಳಗಬೇಕು, ಮೊದಮೊದಲು ಮುಂದಿನ ಗಾಡಿಯಿಂದ ದೂರ ಇರುವುದು ಅದಕ್ಕೇ.

ಹೋದೆವು. ಏರಿನಲ್ಲಿ ಮುಳ್ಳು 65 ಮುಟ್ಟಿದಾಗ ದೊಡ್ಡಪ್ಪ ಬಾಗಿಲ ಮೇಲಿನ ಹಿಡಿ ಹಿಡಿದುಕೊಂಡರು. ನಾನು ಗ್ರೈಂಡರ್ ಕಥೆ ಹೇಳಿದೆ. ಹಿಂದಿನ ಸೀಟಿನಿಂದ ದೊಡ್ಡಮ್ಮ ಕೇಳಿದರು: "ಮೊದಲು ರುಬ್ಬಿದ್ದನ್ನ ನಾವು ಚೆಲ್ಲುತ್ತೀವಿ. ಇದರೊಳಗಿನ ಪುಡಿ ಎಲ್ಲಿ ಹೋಗತ್ತೆ?"

ಆಯಿಲ್‌ನಲ್ಲಿ ತೇಲಿ ಬಂದು ಫಿಲ್ಟರಿನಲ್ಲಿ ಸಿಕ್ಕಿಕೊಳ್ಳುತ್ತದೆ ಎಂದೆ. ಎಷ್ಟೋ ಕಾರುಗಳಿಗೆ ಮೊದಲ ಸರ್ವಿಸಿನಲ್ಲಿ ಬರೀ ತಪಾಸಣೆ, ಆಯಿಲ್ ಬದಲಿಸೋದು ಆಮೇಲೆ. ತಮ್ಮನ ಕಾರಿಗೆ ಯಾವಾಗ ಎಂದು ನೋಡಲು ದೊಡ್ಡಪ್ಪ ಡ್ಯಾಶ್‌ಬೋರ್ಡಿನಿಂದ ಪುಸ್ತಕ ತೆಗೆದು ಕನ್ನಡಕ ಹಾಕಿಕೊಂಡರು.