ಊರಿನ ದತ್ತಿ ನಿಧಿ: ಬಡ್ಡಿಯಲ್ಲಿ ಎಷ್ಟು ಖರ್ಚು ಮಾಡ್ಬಹುದು ಅನ್ನೋ ಲೆಕ್ಕ

ಎಂಡೋಮೆಂಟ್ ಫಂಡ್ ಅಂದ್ರೆ ಎಂತ ಅಂತ ತುಂಬಾ ತಲೆ ಕೆಡಿಸ್ಕೊಳ್ಳೋದು ಬೇಡ, ನಮ್ಮ ಕಡೆ ದೇವಸ್ಥಾನದಲ್ಲಿ ಶಾಶ್ವತ ಪೂಜೆಗೆ ದುಡ್ಡು ಕಟ್ಟಿದವರು ಪ್ರತಿ ಕುಟುಂಬದಲ್ಲೂ ಒಬ್ರಾದ್ರೂ ಇರ್ತಾರೆ. ಒಂದು ಸಲ ದುಡ್ಡು ಕೊಡೋದು, ಅದು ಬ್ಯಾಂಕಲ್ಲಿ ಇಡಗಂಟಾಗಿ ಕೂತ್ಕೊಳ್ಳತ್ತೆ, ಬಂದ ಬಡ್ಡಿಯಲ್ಲಿ ಪ್ರತಿ ವರ್ಷ ಆ ತಿಥಿಗೆ ಅಜ್ಜನ ಹೆಸರಲ್ಲಿ ಪೂಜೆ ಆಗತ್ತೆ, ಪ್ರಸಾದ ಪೋಸ್ಟಲ್ಲಿ ಬರತ್ತೆ. ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸ ಇದೆಯಲ್ಲ ಅದೂ ಇದೇ, ಹೈಸ್ಕೂಲಲ್ಲಿ ಕನ್ನಡಕ್ಕೆ ಜಾಸ್ತಿ ಮಾರ್ಕ್ಸ್ ತೆಗೆದವರಿಗೆ ಕೊಡೋ ದತ್ತಿ ಬಹುಮಾನನೂ ಇದೇ. ಅಸಲು ಮುಟ್ಟೋ ಹಾಗಿಲ್ಲ, ಹುಟ್ಟುವಳಿ ಮಾತ್ರ ಖರ್ಚು.

ಕಮ್ಯೂನಿಟಿ ಫೌಂಡೇಶನ್ ಅಂದ್ರೆ ಇದನ್ನೇ ಒಂದು ಊರಿಗೋ ಜಿಲ್ಲೆಗೋ ಸೇರಿಸಿ ಮಾಡೋದು. ಟ್ರಸ್ಟ್ ಒಂದೇ, ಅದರ ಒಳಗೆ ಹತ್ತಾರು ಮನೆಯವರ ಹೆಸರಿನ ಬೇರೆ ಬೇರೆ ನಿಧಿ, ಆಡಿಟ್ ಒಂದೇ, ಹೂಡಿಕೆ ಒಟ್ಟಿಗೆ, ಲೆಕ್ಕ ಮಾತ್ರ ಬೇರೆ ಬೇರೆ. 2 ಲಕ್ಷ ರೂಪಾಯಿ ಕೊಡೋರು ತಮ್ಮದೇ ಟ್ರಸ್ಟ್ ಡೀಡ್, ಪ್ಯಾನ್, ನೋಂದಣಿ, ಸಿಎ ಫೀಸು ಅಂತ ಹೊರಟ್ರೆ ಬಡ್ಡಿಯೆಲ್ಲ ಅದಕ್ಕೇ ಹೋಗಿ ಬಿಡತ್ತೆ, ಅದಕ್ಕೆ ಈ ಏರ್ಪಾಡು. ಜಗತ್ತಲ್ಲಿ ಮೊದಲನೇದು 1914ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಲ್ಲಿ ಶುರುವಾಯ್ತು, ಮಾಡಿದವನು ಫ್ರೆಡರಿಕ್ ಗಾಫ್ ಅಂತ ಒಬ್ಬ ಬ್ಯಾಂಕರು, ಕ್ಲೀವ್‌ಲ್ಯಾಂಡ್ ಟ್ರಸ್ಟ್ ಕಂಪನಿಯ ಅಧ್ಯಕ್ಷ. ನಮ್ಮಲ್ಲಿ ಈ ಮಾದರಿಯಲ್ಲಿ ಮುಂಬೈಯಲ್ಲಿ ಬಾಂಬೆ ಕಮ್ಯೂನಿಟಿ ಪಬ್ಲಿಕ್ ಟ್ರಸ್ಟ್ ಇದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ದಿನಕರ ದೇಸಾಯಿಯವರು ಕಟ್ಟಿದ ಕೆನರಾ ವೆಲ್ಫೇರ್ ಟ್ರಸ್ಟ್ ನೆನಪಿಗೆ ಬರಬಹುದು, ಆದ್ರೆ ಅದು ತಾನೇ ಶಾಲೆ ಕಾಲೇಜು ನಡೆಸೋ ಟ್ರಸ್ಟು. ಕಮ್ಯೂನಿಟಿ ಫೌಂಡೇಶನ್ ಸಾಮಾನ್ಯವಾಗಿ ತಾನು ಏನೂ ನಡೆಸಲ್ಲ, ನಡೆಸೋರಿಗೆ ದುಡ್ಡು ಕೊಡತ್ತೆ.

ಗಾಫ್ ತಲೆಯಲ್ಲಿ ಇದ್ದ ಚಿಂತೆ ಎಂತ ಅಂದ್ರೆ ಸತ್ತವರ ಷರತ್ತು. ಯಾರೋ ವಿಲ್ ಬರೆದಿಟ್ಟು ಹೋಗ್ತಾರೆ, ಕಾಲ ಬದಲಾಗತ್ತೆ, ಷರತ್ತು ಮಾತ್ರ ಹಾಗೇ ಇರತ್ತೆ, ದುಡ್ಡು ಬ್ಯಾಂಕಲ್ಲಿ ಕೊಳೀತಾ ಬಿದ್ದಿರತ್ತೆ. ಕಾರವಾರದ್ದೇ ಒಂದು ಊಹೆ ಮಾಡ್ಕೊಳ್ಳಿ. ಕಾಳಿ ನದಿಗೆ ಸೇತುವೆ ಇಲ್ಲದ ಕಾಲದಲ್ಲಿ ಯಾರೋ ಒಬ್ಬ ಪುಣ್ಯಾತ್ಮ ಸದಾಶಿವಗಡ ಕಡೆಯಿಂದ ಕೋಡಿಬಾಗಕ್ಕೆ ದಾಟಿ ಕಾಲೇಜಿಗೆ ಬರೋ ಬಡ ಮಕ್ಕಳ ದೋಣಿ ಬಾಡಿಗೆಗೆ ಅಂತ ದತ್ತಿ ಇಟ್ಟ ಅಂತ ಇಟ್ಕೊಳ್ಳಿ. ಸೇತುವೆ ಬಂತು, ದೋಣಿ ಹೋಯ್ತು, ಮಕ್ಕಳು ಬಸ್ಸಲ್ಲಿ ಬರ್ತಾರೆ, ಪತ್ರದಲ್ಲಿ ಮಾತ್ರ ದೋಣಿ ಬಾಡಿಗೆ ಅಂತಲೇ ಇದೆ. ಟ್ರಸ್ಟಿಗಳು ತಮ್ಮಷ್ಟಕ್ಕೆ ಬಸ್ ಪಾಸಿಗೆ ಕೊಡೋ ಹಾಗಿಲ್ಲ. ಸಿವಿಲ್ ಪ್ರೊಸೀಜರ್ ಕೋಡಿನ 92ನೇ ಸೆಕ್ಷನ್ ಪ್ರಕಾರ ಕೋರ್ಟಿಗೆ ಹೋಗ್ಬೇಕು, ಮೂಲ ಉದ್ದೇಶಕ್ಕೆ ಹತ್ತಿರ ಇರೋ ಬೇರೆ ಉದ್ದೇಶಕ್ಕೆ ಬಳಸೋಕೆ ಕೋರ್ಟ್ ಸ್ಕೀಮ್ ಮಾಡಿ ಕೊಡಬಹುದು, ಇದನ್ನೇ ಸೈ ಪ್ರೆ ತತ್ವ ಅಂತಾರೆ. ಆಗತ್ತೆ, ಆದ್ರೆ ವಕೀಲರ ಫೀಸು ಮತ್ತು ವರ್ಷಗಟ್ಟಲೆ ಕಾಯೋದು. ಗಾಫ್ ಮಾಡಿದ ಉಪಾಯ ಸರಳ, ಉದ್ದೇಶ ಸತ್ತು ಹೋದ್ರೆ ಅಥವಾ ನಡೆಸೋಕೆ ಆಗದ ಹಾಗಾದ್ರೆ ಊರಿನವರದ್ದೇ ಒಂದು ಸಮಿತಿ ಅದನ್ನ ಬದಲಾಯಿಸಬಹುದು ಅಂತ ಮೊದಲೇ ಪತ್ರದಲ್ಲಿ ಬರೆದಿಡೋದು. ಹಾಗಾಗಿ ದತ್ತಿ ಪತ್ರ ಓದೋವಾಗ ನಾನು ಮೊದಲು ಹುಡುಕೋದು ಈ ಒಂದು ಸಾಲು. ಅದಿಲ್ಲ ಅಂದ್ರೆ ಪತ್ರ ಎಷ್ಟೇ ಚಂದ ಟೈಪ್ ಮಾಡಿಸಿದ್ರೂ ಅರ್ಧ ಕೆಲಸ ಅಷ್ಟೇ.

ನಿಧಿಯ ವಿಧಗಳು ಜಾಸ್ತಿ ಹೊತ್ತು ಬೇಡದ ವಿಷಯ. ಷರತ್ತೇ ಇಲ್ಲದ್ದು ಒಂದು, ಸಮಿತಿಗೆ ಬೇಕನಿಸಿದ್ದಕ್ಕೆ ಕೊಡಬಹುದು. 2024ರ ಜುಲೈಯಲ್ಲಿ ಅಂಕೋಲಾ ಹತ್ರ ಶಿರೂರಲ್ಲಿ ಗುಡ್ಡ ಕುಸಿದಾಗ ಹೇಗೆ ತಕ್ಷಣ ದುಡ್ಡು ಬೇಕಾಯ್ತೋ ಅಂಥ ಹೊತ್ತಿಗೆ ಕೈಗೆ ಸಿಗೋದು ಇದು ಮಾತ್ರ. ಕ್ಷೇತ್ರ ಹೇಳಿ ಕೊಡೋದು ಇನ್ನೊಂದು, ಅಂದ್ರೆ ಯಕ್ಷಗಾನಕ್ಕೆ ಅಥವಾ ಮೀನುಗಾರರ ಮಕ್ಕಳ ಓದಿಗೆ ಅಂತ. ಇಂಥದ್ದೇ ಸಂಸ್ಥೆಗೆ ಅಂತ ಹೆಸರು ಹೇಳಿ ಕೊಡೋದು ಮತ್ತೊಂದು, ಆ ಸಂಸ್ಥೆ ಮುಚ್ಚಿದ್ರೆ ಮತ್ತೆ ದೋಣಿ ಬಾಡಿಗೆ ಕತೆಯೇ. ದಾನಿ ವರ್ಷ ವರ್ಷ ಸಲಹೆ ಕೊಡೋ ನಿಧಿನೂ ಇದೆ, ಅಲ್ಲಿ ದಾನಿ ಹೇಳಬಹುದು ಆದ್ರೆ ಕೊನೆ ತೀರ್ಮಾನ ಫೌಂಡೇಶನ್ನಿನದ್ದು, ದುಡ್ಡು ಆಗಲೇ ದಾನಿಯ ಕೈ ಬಿಟ್ಟಾಗಿದೆ.

ಈಗ ಮುಖ್ಯ ವಿಷಯ, ಇದಕ್ಕೆ ಸ್ವಲ್ಪ ಪೆನ್ನು ಪೇಪರ್ ಹಿಡ್ಕೊಂಡು ಕೂತ್ಕೊಳ್ಳಿ. ಟೆಕ್ಸ್ಟ್ ಬುಕ್ಕಲ್ಲಿ ಎಂಡೋಮೆಂಟಿಂದ ವರ್ಷಕ್ಕೆ ಶೇಕಡಾ 4ರಿಂದ 5 ಖರ್ಚು ಮಾಡಿದ್ರೆ ಅಸಲಿನ ಬೆಲೆ ಉಳಿಯತ್ತೆ ಅಂತ ಬರೆದಿರತ್ತೆ, ಎಲ್ರೂ ಅದನ್ನೇ ಉರು ಹೊಡೀತಾರೆ. ಅದು ಶೇರು ಬಾಂಡು ಎಲ್ಲ ಸೇರಿಸಿ ಹೂಡಿಕೆ ಮಾಡೋ ಅಮೆರಿಕದವರ ಲೆಕ್ಕ. ನಮ್ಮಲ್ಲಿ ದತ್ತಿ ಅಂದ್ರೆ ಎಫ್‌ಡಿ. 10 ಲಕ್ಷ ಇಡಗಂಟು, 7% ಬಡ್ಡಿ, ಬೆಲೆ ಏರಿಕೆ ವರ್ಷಕ್ಕೆ 5% ಅಂತ ಇಟ್ಕೊಳ್ಳೋಣ. ಬಂದ 70,000 ಪೂರ್ತಿ ಸ್ಕಾಲರ್‌ಶಿಪ್ ಕೊಟ್ಟು ಬಿಟ್ರೆ 20 ವರ್ಷ ಆದ್ಮೇಲೂ 70,000ವೇ ಬರತ್ತೆ, ಆದ್ರೆ ಆಗ ಅದರಲ್ಲಿ ಸಿಗೋದು ಇವತ್ತಿನ ಸುಮಾರು 26,400 ರೂಪಾಯಿಯ ಸಾಮಾನು. ಸರಿ, ಪುಸ್ತಕದಲ್ಲಿ ಹೇಳಿದ ಹಾಗೆ 4% ಅಂದ್ರೆ 40,000 ಕೊಟ್ಟು ಉಳಿದ 3% ಅಸಲಿಗೆ ಸೇರಿಸ್ತಾ ಹೋದ್ರೆ? 20 ವರ್ಷಕ್ಕೆ ಇಡಗಂಟು ಹತ್ರ ಹತ್ರ 18 ಲಕ್ಷ ಆಗತ್ತೆ, ಕೊಡೋದು 72,000 ಚಿಲ್ಲರೆ, ಇವತ್ತಿನ ಬೆಲೆಯಲ್ಲಿ 27,200. ಶುರುವಾಗಿದ್ದು 40,000ದಲ್ಲಿ, ಬಂದು ನಿಂತಿದ್ದು 27,200ರಲ್ಲಿ. ಅಂದ್ರೆ 4% ಕೂಡ ಜಾಸ್ತಿಯೇ ಆಯ್ತು. ನಿಜವಾಗ್ಲೂ ಬೆಲೆ ಉಳೀಬೇಕು ಅಂದ್ರೆ 7ರಲ್ಲಿ 5 ಕಳೆದು ಉಳಿಯೋ 2%, ವರ್ಷಕ್ಕೆ 20,000 ಮಾತ್ರ ಕೊಡಬಹುದು. ಇದರ ಮೇಲೆ ಫೌಂಡೇಶನ್ ಆಡಳಿತ ಖರ್ಚಿಗೆ ಅಸಲಿನ ಮೇಲೆ 1% ಹಿಡಿದ್ರೆ ಅದು 10,000, ಬಡ್ಡಿಯ ಏಳನೇ ಒಂದು ಭಾಗ ಅಲ್ಲೇ ಹೋಯ್ತು. 1% ಅಂದ್ರೆ ಕಡಿಮೆ ಅನ್ಸತ್ತೆ, ಯಾವುದರ ಮೇಲೆ 1% ಅಂತ ಕೇಳಬೇಕು.

ಇಷ್ಟೇ ಆಗಿದ್ರೆ ಕಡಿಮೆ ಕೊಟ್ಟು ಜಾಸ್ತಿ ಉಳಿಸಿ ಅಂತ ಹೇಳಿ ಮುಗಿಸಬಹುದಿತ್ತು, ಆದ್ರೆ ನಮ್ಮ ಕಾನೂನು ಹಾಗೆ ಉಳಿಸೋಕೆ ಬಿಡಲ್ಲ ಮಾರಾಯ್ರೆ. (ಸೆಕ್ಷನ್ ನಂಬರೆಲ್ಲ 1961ರ ಆದಾಯ ತೆರಿಗೆ ಕಾಯಿದೆಯದ್ದು ಹೇಳ್ತಾ ಇದ್ದೀನಿ, 2025ರ ಹೊಸ ಕಾಯಿದೆ 2026ರ ಏಪ್ರಿಲ್ 1ರಿಂದ ಜಾರಿ, ಅದರಲ್ಲಿ ನಂಬರುಗಳು ಬೇರೆ.) ಸೆಕ್ಷನ್ 11ರ ಪ್ರಕಾರ ಟ್ರಸ್ಟಿಗೆ ತೆರಿಗೆ ವಿನಾಯಿತಿ ಬೇಕಂದ್ರೆ ಆ ವರ್ಷದ ಆದಾಯದ 85% ಧರ್ಮಕಾರ್ಯಕ್ಕೆ ಖರ್ಚಾಗಬೇಕು, ಕೇಳೋರಿಲ್ಲದೆ ಉಳಿಸಿಕೊಳ್ಳೋಕೆ ಆಗೋದು 15% ಮಾತ್ರ. 70,000ದಲ್ಲಿ 15% ಅಂದ್ರೆ 10,500. ಬೆಲೆ ಏರಿಕೆ ತಿಂದು ಹಾಕೋದು 50,000, ನಾವು ತುಂಬಿಸೋಕೆ ಆಗೋದು 10,500. ಜಾಸ್ತಿ ಉಳಿಸಬೇಕಂದ್ರೆ ಫಾರ್ಮ್ 10 ಹಾಕಿ ಇಂಥ ಉದ್ದೇಶಕ್ಕೆ ಅಂತ ಹೇಳಿ 5 ವರ್ಷದ ತನಕ ಕೂಡಿಡಬಹುದು, ಆದ್ರೆ ಅದು ಕಟ್ಟಡಕ್ಕೋ ಆಂಬುಲೆನ್ಸಿಗೋ ಸರಿ, ಕೊನೆಗೆ ಖರ್ಚು ಮಾಡಲೇಬೇಕಲ್ಲ, ಅಸಲು ಬೆಳೆಸೋಕೆ ಅಲ್ಲ. ಸಮುದಾಯದ ಫೌಂಡೇಶನ್ನಿಗೆ ಇನ್ನೊಂದು ಕಿರಿಕಿರಿ, 2023ರ ಬಜೆಟ್ಟಿಂದ ಒಂದು ನೋಂದಾಯಿತ ಟ್ರಸ್ಟು ಇನ್ನೊಂದು ಟ್ರಸ್ಟಿಗೆ 1 ಲಕ್ಷ ಕೊಟ್ರೆ ಖರ್ಚು ಅಂತ ಲೆಕ್ಕಕ್ಕೆ ಹಿಡಿಯೋದು 85,000 ಮಾತ್ರ, ಆ ಟ್ರಸ್ಟಿನ ಇಡಗಂಟಿಗೆ ಅಂತ ಕೊಟ್ರೆ ಸೊನ್ನೆ. ಬೇರೆಯವರಿಗೆ ಕೊಡೋದೇ ಕಸುಬಾಗಿರೋ ಸಂಸ್ಥೆಗೆ ಇದು ಪೆಟ್ಟು ಹೌದೋ ಅಲ್ವೋ ನೀವೇ ಹೇಳಿ.

ಹಾಗಂತ ದಾರಿ ಇಲ್ಲ ಅಂತಲ್ಲ. ಒಂದು, ಇಡಗಂಟಿಗೇ ಹೊಸ ದಾನ ಬರ್ತಾ ಇರಬೇಕು. ಇದು ಇಡಗಂಟಿಗೆ ಅಂತ ದಾನಿ ಸ್ಪಷ್ಟವಾಗಿ ಹೇಳಿ ಕೊಟ್ಟ ದುಡ್ಡು 11(1)(ಡಿ) ಅಡಿ ಆದಾಯಕ್ಕೆ ಸೇರಲ್ಲ, 85%ರ ಕಾಟ ಇಲ್ಲ, ಆದ್ರೆ ಅದನ್ನ ಕಾನೂನು ಹೇಳಿದ ಹೂಡಿಕೆಯಲ್ಲೇ ಬೇರೆಯಾಗಿ ಇಟ್ಟಿರಬೇಕು. ಬಾಯಲ್ಲಿ ಹೇಳಿದ್ರೆ ನಾಳೆ ಸಾಬೀತು ಮಾಡೋಕೆ ಕಷ್ಟ, ಕಾಗದದಲ್ಲಿ ಬರೆಸ್ಕೊಂಡು ರಸೀದಿಯಲ್ಲೂ ಇಡಗಂಟು ಅಂತಲೇ ನಮೂದಿಸಬೇಕು. ಸುಮ್ನೆ ದೇಣಿಗೆ ಅಂತ ಬರೆದ್ರೆ ಅದು ಸಾಮಾನ್ಯ ಆದಾಯ, ಆ ವರ್ಷವೇ 85% ಖಾಲಿ ಮಾಡಿ ಅಂತಾರೆ. ಎರಡನೇದು ಮ್ಯೂಚುವಲ್ ಫಂಡ್, ಟ್ರಸ್ಟಿನ ದುಡ್ಡು ಸಾಮಾನ್ಯವಾಗಿ ನೇರ ಶೇರಿಗೆ ಹಾಕೋ ಹಾಗಿಲ್ಲ, ಫಂಡಿನ ಯೂನಿಟ್ಟಿಗೆ ಹಾಕಬಹುದು. ಗ್ರೋಥ್ ಆಪ್ಶನ್ನಲ್ಲಿ, ಅಂದ್ರೆ ಲಾಭ ಹಂಚದೆ ಒಳಗೇ ಬೆಳೆಯೋಕೆ ಬಿಡೋದ್ರಲ್ಲಿ ಇಟ್ರೆ ಮಾರೋ ತನಕ ಆದಾಯ ಅಂತ ಹುಟ್ಟಲ್ಲ, ಮಾರಿದ್ರೂ ಬಂದ ದುಡ್ಡು ಪೂರ್ತಿ ಮತ್ತೊಂದು ಬಂಡವಾಳ ಆಸ್ತಿಗೆ ಹಾಕಿದ್ರೆ ಲಾಭವನ್ನ ಧರ್ಮಕ್ಕೆ ಖರ್ಚಾದ ಹಾಗೇ ಲೆಕ್ಕ ಹಿಡೀತಾರೆ, ಅದು 11(1ಎ). ಅಂದ್ರೆ ಅಸಲು ಬೆಳೆಯೋಕೆ ಕಾನೂನು ಬಿಟ್ಟಿರೋ ಕಿಂಡಿ ಇದು. ಇಳಿಯೋ ಭಯನೂ ಇದೆ ಅನ್ನಿ, ಪೇಟೆ ಬಿದ್ದ ವರ್ಷ ಸ್ಕಾಲರ್‌ಶಿಪ್ ನಿಲ್ಲಬಾರದು ಅಂದ್ರೆ ಎರಡ್ಮೂರು ವರ್ಷದ ಖರ್ಚು ಎಫ್‌ಡಿಯಲ್ಲಿ ಇಟ್ಟು ಉಳಿದದ್ದು ಮಾತ್ರ ಅಲ್ಲಿಗೆ ಹಾಕೋದು ಜಾಣತನ ಅಂತ ನನಗನ್ಸತ್ತೆ.

ಸಿರ್ಸಿ ಸಿದ್ದಾಪುರ ಕಡೆಯವರಿಗೆ ಒಂದು ಮಾತು ವಿಶೇಷವಾಗಿ. ಅಲ್ಲಿ ಅಡಿಕೆ ಮಾರಿದ ದುಡ್ಡು ಸೊಸೈಟಿಯಲ್ಲೇ ಇರತ್ತೆ, ಬ್ಯಾಂಕಿಗಿಂತ ಅರ್ಧ ಪರ್ಸೆಂಟ್ ಜಾಸ್ತಿ ಬಡ್ಡಿ ಸಿಕ್ಕಿದ್ರೆ ಟ್ರಸ್ಟಿನ ದುಡ್ಡೂ ಅಲ್ಲೇ ಇಡೋಣ ಅಂತ ಯಾರಿಗಾದ್ರೂ ಅನ್ಸತ್ತೆ. ಟ್ರಸ್ಟಿನ ದುಡ್ಡು ಎಲ್ಲೆಲ್ಲಿ ಇಡಬಹುದು ಅಂತ ಹೇಳೋ ಸೆಕ್ಷನ್ 11(5)ರಲ್ಲಿ ಇರೋದು ಶೆಡ್ಯೂಲ್ಡ್ ಬ್ಯಾಂಕು, ಬ್ಯಾಂಕಿಂಗ್ ವ್ಯವಹಾರ ಮಾಡೋ ಸಹಕಾರಿ ಸಂಘ, ಅಂಚೆ ಕಚೇರಿ ಉಳಿತಾಯ, ಸರ್ಕಾರಿ ಸಾಲಪತ್ರ, ಇಂಥವು. ಸಹಕಾರಿ ಬ್ಯಾಂಕು ಸರಿ, ಆದ್ರೆ ರಿಸರ್ವ್ ಬ್ಯಾಂಕ್ ಲೈಸೆನ್ಸ್ ಇಲ್ಲದ ಊರಿನ ಸೊಸೈಟಿ, ಸೌಹಾರ್ದ ಸಹಕಾರಿ ಇದರಲ್ಲಿ ಬರತ್ತೆ ಅಂತ ನಂಬಿ ಕೂರೋದು ಅಪಾಯ, ವಿನಾಯಿತಿಗೇ ಕುತ್ತು ಬರಬಹುದು. ಇನ್ನೊಂದು, ಬ್ಯಾಂಕ್ ಠೇವಣಿಗೆ 2020ರ ಫೆಬ್ರವರಿಯಿಂದ 5 ಲಕ್ಷದ ತನಕ ವಿಮೆ ಇದೆ, ಸಹಕಾರಿ ಬ್ಯಾಂಕಿಗೂ ಇದೆ, ಸೊಸೈಟಿ ಠೇವಣಿಗೆ ಇಲ್ಲ. ಮತ್ತೆ ಆ 5 ಲಕ್ಷ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಲ್ಲಿ ಒಟ್ಟು, ಟ್ರಸ್ಟಿನ ಒಳಗೆ ಹತ್ತು ನಿಧಿ ಇದ್ದ ಮಾತ್ರಕ್ಕೆ ಹತ್ತು ಪಟ್ಟು ಆಗಲ್ಲ.

ಇನ್ನು ಕೊಡೋರ ಕಡೆಯಿಂದ ನೋಡೋದಾದ್ರೆ, 80ಜಿ (ದಾನ ಕೊಟ್ಟೋರಿಗೆ ತೆರಿಗೆ ರಿಯಾಯಿತಿ ಕೊಡೋ ಸೆಕ್ಷನ್) ಅಂದ ಕೂಡ್ಲೇ ಕೊಟ್ಟಿದ್ದರ ಅರ್ಧ ವಾಪಸ್ ಬರತ್ತೆ ಅಂತ ತಿಳ್ಕೊಂಡೋರು ಬಹಳ ಜನ. ಹಾಗಲ್ಲ. ಸಾಮಾನ್ಯ ಟ್ರಸ್ಟಿಗೆ ಕೊಟ್ಟಿದ್ದರ 50% ಆದಾಯದಿಂದ ಕಳೀತಾರೆ, ಅದೂ ಒಟ್ಟು ಆದಾಯದ 10%ರ ಮಿತಿಯೊಳಗೆ. 9 ಲಕ್ಷ ಆದಾಯದವರು 60,000 ಕೊಟ್ರೆ ಕಳೆಯೋದು 30,000, ಹಳೇ ತೆರಿಗೆ ಪದ್ಧತಿಯ 20% ಸ್ಲ್ಯಾಬಲ್ಲಿ ಸೆಸ್ ಸೇರಿ ಉಳಿಯೋ ತೆರಿಗೆ 6,240. ಹೊಸ ತೆರಿಗೆ ಪದ್ಧತಿಯಲ್ಲಿ ಇದ್ರೆ ಅದೂ ಇಲ್ಲ. 2,000ಕ್ಕಿಂತ ಜಾಸ್ತಿ ನಗದು ಕೊಟ್ರೆ ಇಲ್ಲ, ಅಕ್ಕಿ ಮೂಟೆ, ಜಾಗ, ಕಂಪ್ಯೂಟರ್ ಕೊಟ್ರೂ ಇಲ್ಲ, ಹಣ ಮಾತ್ರ. ಟ್ರಸ್ಟಿನವರು ಬಂದ ದಾನಗಳ ವಿವರ ಕೊಡೋ ಫಾರ್ಮ್ 10ಬಿಡಿ ಹಾಕಿ ದಾನಿಗೆ 10ಬಿಇ ಸರ್ಟಿಫಿಕೇಟ್ ಕೊಡಬೇಕು, ಮೇ 31ರ ಒಳಗೆ. ಬರೀ ತೋಟದ ಆದಾಯ ಇರೋರಿಗೆ ಇದ್ಯಾವುದೂ ಬೇಡ, ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲದ ಮೇಲೆ ಕಳೆಯೋದು ಎಲ್ಲಿಂದ? ಹಾಗಾಗಿ ಘಟ್ಟದ ಮೇಲೆ ತೆರಿಗೆ ಉಳಿಯತ್ತೆ ಅಂತ ಹೇಳ್ಕೊಂಡು ದತ್ತಿ ಎತ್ತೋಕೆ ಹೋದ್ರೆ ಕೆಲಸ ಆಗಲ್ಲ, ಅಜ್ಜಿ ಹೆಸರಲ್ಲಿ ಪ್ರತಿ ವರ್ಷ ಒಂದು ಹುಡುಗಿ ನರ್ಸಿಂಗ್ ಓದ್ತಾಳೆ ಅಂದ್ರೆ ಆಗತ್ತೆ.

ಕಂಪನಿ ದುಡ್ಡಿನ ಬಗ್ಗೆ ಒಂದೇ ಸಾಲು. ಕೈಗಾ ಅಣು ವಿದ್ಯುತ್ ಸ್ಥಾವರದ ಕಡೆಯ ಸಿಎಸ್‌ಆರ್ (ಕಂಪನಿಗಳು ಸಮಾಜಕ್ಕೆ ಅಂತ ಖರ್ಚು ಮಾಡೋ) ದುಡ್ಡು ನಮ್ಮ ಇಡಗಂಟಿಗೆ ಕೇಳೋಣ ಅನ್ನೋ ಯೋಚನೆ ಯಾರಿಗಾದ್ರೂ ಬಂದ್ರೆ, 2021ರ ಜನವರಿಯ ತಿದ್ದುಪಡಿ ಆದ್ಮೇಲೆ ಯಾವ ಕಂಪನಿಯೂ ಇಡಗಂಟಿಗೆ ಕೊಟ್ಟು ಅದನ್ನ ಸಿಎಸ್‌ಆರ್ ಅಂತ ತೋರಿಸೋ ಹಾಗಿಲ್ಲ, ಪ್ರಾಜೆಕ್ಟಿಗೆ ಕೇಳಿ.

ಗಲ್ಫಲ್ಲಿ ದುಡಿಯೋರ ದುಡ್ಡು ಭಟ್ಕಳ, ಹೊನ್ನಾವರ, ಕಾರವಾರ ಎಲ್ಲ ಕಡೆ ಬರತ್ತೆ, ಅದರಲ್ಲಿ ಗೊಂದಲ ಜಾಸ್ತಿ. ಭಾರತದ ಪಾಸ್‌ಪೋರ್ಟೇ ಇರೋರು ದುಬೈಯಲ್ಲೋ ಮಸ್ಕತ್‌ನಲ್ಲೋ ಇದ್ದು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ರೆ ಅದು ವಿದೇಶಿ ದೇಣಿಗೆ ಅಲ್ಲ, ಟ್ರಸ್ಟು ಪಾಸ್‌ಪೋರ್ಟ್ ಕಾಪಿ ಇಟ್ಕೊಂಡ್ರೆ ಒಳ್ಳೇದು. ಬೇರೆ ದೇಶದ ಪೌರತ್ವ ತಗೊಂಡೋರು, ಓಸಿಐ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡೋ) ಕಾರ್ಡ್ ಇದ್ರೂ ಸರಿ, ಕೊಟ್ರೆ ಅದು ವಿದೇಶಿ ದೇಣಿಗೆ, ಎಫ್‌ಸಿಆರ್‌ಎ ಅನ್ನೋ ವಿದೇಶಿ ದೇಣಿಗೆ ಕಾಯಿದೆಯ ನೋಂದಣಿ ಬೇಕು, ದುಡ್ಡು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು, ಮತ್ತೆ 2020ರ ತಿದ್ದುಪಡಿ ಪ್ರಕಾರ ಅದನ್ನ ಇನ್ನೊಂದು ಸಂಸ್ಥೆಗೆ ದಾಟಿಸೋ ಹಾಗೇ ಇಲ್ಲ. ಹಾಗಾಗಿ ಇನ್ನೊಬ್ಬರಿಗೆ ಕೊಡೋದಕ್ಕೇ ಹುಟ್ಟಿದ ಫೌಂಡೇಶನ್ ಆ ದುಡ್ಡಲ್ಲಿ ಕೆಲಸ ಮಾಡಬೇಕಂದ್ರೆ ಸ್ಕಾಲರ್‌ಶಿಪ್ಪೋ ಆಸ್ಪತ್ರೆ ಖರ್ಚೋ ತಾನೇ ನೇರ ಕೊಡಬೇಕು.